ಏಳನೆಯ ತೊಲೆ

ಏಳನೆಯದನ್ನು ಎರಕ ಹೊಯ್ದದ್ದು ಮಂಗಳವಾರ.
ಹೊರಗೆ ಆಲಿಕಲ್ಲು. ಒಳಗೆ ಮರಳಿನ ಅಚ್ಚು
ಇನ್ನೂ ಹಸಿ. ನನಗೆ ಗೊತ್ತಿತ್ತು,
ಮೇಸ್ತ್ರಿ ಪ್ರಾಬರ್ಟನಿಗೂ ಗೊತ್ತಿತ್ತು,
ರೈಲು ಕಂಪನಿಗೆ ತಾರೀಖು ಮಾತ್ರ ಗೊತ್ತಿತ್ತು.

ಮೂವತ್ತಾರು ಅಡಿ ಉದ್ದದ ಬೆಂಕಿ
ಮಣ್ಣಿನಲ್ಲಿ ಮಲಗಿ ಮೂರು ದಿನ ಆರಿತು.
ಅಗೆದು ಎತ್ತಿದಾಗ ಕೆಳಪಟ್ಟಿಯಲ್ಲೊಂದು ಗುಳಿ,
ನನ್ನ ಹೆಬ್ಬೆರಳು ಹೋಗುವಷ್ಟು.
ಹೋಗಿಸಿ ನೋಡಿದೆ. ಒಳಗೆ ಇನ್ನೂ ಬೆಚ್ಚಗಿತ್ತು.

ಪ್ರಾಬರ್ಟ್ ಏನೂ ಅನ್ನಲಿಲ್ಲ, ಡಬ್ಬಿ ಚಾಚಿದ:
ಜೇನುಮೇಣ, ರಾಳ, ಅರದ ಪುಡಿ, ದೀಪದ ಮಸಿ.
ಕಾಯಿಸಿ ತುಂಬಿದೆ. ಕಲ್ಲಿನಲ್ಲಿ ಉಜ್ಜಿದೆ,
ಹೆಂಡತಿ ಹಿಟ್ಟಿನ ಬಿರುಕನ್ನು
ಒದ್ದೆ ಬೆರಳಲ್ಲಿ ಮುಚ್ಚುವ ಹಾಗೆ.
ಬಣ್ಣ ಬಳಿದ ಮೇಲೆ ನನಗೇ ಹುಡುಕಬೇಕಾಯಿತು.

ಅರ್ವೆನ್ ಹೊಳೆಯ ಮೇಲೆ ಹನ್ನೆರಡೂ ಕೂತವು.
ಪಾದ್ರಿ ಪ್ರಾರ್ಥಿಸಿದರು, ಬ್ಯಾಂಡು ಬಾರಿಸಿತು,
ಕೊಡೆಗಳ ಕೆಳಗೆ ಊರಿಗೆ ಊರೇ ಕೈತಟ್ಟಿತು.
ನಾನು ಕೆಳಗೆ ದಡದಲ್ಲಿ ನಿಂತು
ಒಂದರಿಂದ ಏಳರವರೆಗೆ ಎಣಿಸಿ, ಅಲ್ಲೇ ನಿಂತೆ.

ಮಗಳು ಕೆಜಾಯ ಆಚೆ ದಡದ ಹೊಲಮನೆಯಲ್ಲಿ
ಹಾಲು ಕಡೆಯುವ ಕೆಲಸಕ್ಕಿದ್ದಳು.
ಶನಿವಾರ ರೈಲಿನಲ್ಲಿ ಬರುತ್ತೇನೆ ಅಂದಳು.
ದೋಣಿಯಲ್ಲೇ ಬಾ ಅಂದೆ.
ರೈಲಿಗೆ ಎರಡೇ ಪೆನ್ನಿ ಅಪ್ಪಾ, ಅಂದಳು.
ದೋಣಿಯಲ್ಲೇ ಬಾ.
ಅಪ್ಪನಿಗೆ ಕಬ್ಬಿಣದ ಹೆದರಿಕೆಯಂತೆ!
ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಮೇ ತಿಂಗಳು. ಎಂಜಿನ್ನಿನ ಕಿಡಿಗೆ
ಹಾಸುಮರ ಹೊತ್ತೀತೆಂದು ಸೇತುವೆಗೆ
ಬೆಳಿಗ್ಗೆಯೇ ಜಲ್ಲಿ ಸುರಿದಿದ್ದರು, ಗಾಡಿಗಟ್ಟಲೆ.
ಸಂಜೆಯ ರೈಲು ಅರ್ಧ ದಾಟಿತ್ತು.
ಕುಲುಮೆಗೆ ಕೇಳಿಸಿದ್ದು ದೊಡ್ಡ ಸದ್ದೇನಲ್ಲ:
ಮಂಜುಗಡ್ಡೆ ಒಡೆದಂತೆ, ಒಂದೇ ಸಲ.

ಓಡಿದೆ. ಇಡೀ ದಾರಿ
ಹೆಬ್ಬೆರಳನ್ನು ಮುಷ್ಟಿಯೊಳಗೆ ಅದುಮಿಕೊಂಡೇ ಓಡಿದೆ.

ಏಳನೆಯದು ನಿಂತಿತ್ತು.

ಮುರಿದದ್ದು ನಾಲ್ಕನೆಯದು.
ಸುತ್ತಿಗೆ ತಾಕಿಸಿದರೆ ಗಂಟೆಯ ಹಾಗೆ ನುಡಿದದ್ದು,
ಪ್ರಾಬರ್ಟ್ ಅದಕ್ಕಾಗಿ ಎಲ್ಲರಿಗೂ ಬಿಯರು ಕೊಡಿಸಿದ್ದು.
ನೀರಿನಲ್ಲಿ ನಿಂತು ಮುರಿದ ಬಾಯಿಯನ್ನು ಸವರಿದೆ:
ಬೂದುಬಣ್ಣ, ಸಕ್ಕರೆ ಅಚ್ಚಿನಂತೆ ಹರಳು ಹರಳು,
ಒಂದು ಗುಳಿಯಿಲ್ಲ, ಒಂದು ಕಲೆಯಿಲ್ಲ.
ಪಕ್ಕದಲ್ಲಿ ಕಲ್ಲಿದ್ದಲು ತುಂಬುವ ಓಥ್ನೀಲನನ್ನು
ಬಾಗಿಲೊಂದರ ಮೇಲೆ ಹೊತ್ತು ತರುತ್ತಿದ್ದರು.

ಪಂಚರ ಮುಂದೆ ಪಟ್ಟಣದ ಮಹನೀಯರೊಬ್ಬರು
ಮೇಣದ ಬತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು.
ನೋಡಿ, ಮೇಲೆ ಅಮುಕುತ್ತದೆ, ಕೆಳಗೆ ಎಳೆಯುತ್ತದೆ.
ಬೀಡು ಕಬ್ಬಿಣ ಅಮುಕಿದರೆ ತಾಳುತ್ತದೆ,
ಎಳೆದರೆ ತಾಳದು. ಎರಕದವರ ತಪ್ಪೇನಿಲ್ಲ.
ಬತ್ತಿ ಕೆಳಗಿನಿಂದ ಬಿರಿಯಿತು.
ಏಳನೆಯದರ ಬಗ್ಗೆ ಯಾರೂ ಕೇಳಲಿಲ್ಲ.
ನಾನು ಟೋಪಿ ತಿರುಗಿಸುತ್ತ ಕೂತಿದ್ದೆ.

ಬರುವ ವರ್ಷ ಹೊಸ ತೊಲೆ ಬಂತು,
ಬಡಿದು ಹದ ಮಾಡಿದ ತಗಡುಗಳಲ್ಲಿ, ತುಂಡು ತುಂಡಾಗಿ.
ಲಂಕಾಶೈರಿನ ಹುಡುಗರು ಕೆಂಡದಂಥ ರಿವೆಟ್ ಎಸೆಯುವರು,
ಹನ್ನೊಂದರ ಪೋರನೊಬ್ಬ ಬಕೆಟ್ಟಿನಲ್ಲಿ ಹಿಡಿಯುವನು,
ಹಿಡಿದು ಹಲ್ಲು ಕಿರಿಯುವನು.
ನೋಡುತ್ತಲೇ ಇದ್ದೆ ಆ ಬೇಸಿಗೆಯೆಲ್ಲ:
ಇವರು ತೂತು ಕೊರೆದೇ ಕಟ್ಟುತ್ತಾರೆ!
ಸಾವಿರ ತೂತು, ಸಾವಿರ ತುಂಬು,
ಹಾಡುಹಗಲು, ಊರು ಕಿವುಡಾಗುವಂತೆ ಬಡಿದು.
ರೈಲು ಬಂದರೆ ಕೂದಲೆಳೆಯಷ್ಟು ಬಾಗಿ
ಮತ್ತೆ ತನ್ನ ಪಾಡಿಗೆ ನೆಟ್ಟಗಾಗುತ್ತದೆ.
ಮಗಳು ರೈಲಿನಲ್ಲೇ ಬಂದು ಹೋಗುತ್ತಾಳೆ.

ಹಳೆಯವು ಗುಜರಿಗೆ ಹೋದವು.
ಏಳನೆಯದನ್ನು ಅರ್ಧಕ್ಕೆ ಕತ್ತರಿಸಿ ಸುಣ್ಣದ ಗೂಡಿನವರು ಕೊಂಡು
ಕಾಲುವೆಗೆ ಅಡ್ಡ ಹಾಕಿದ್ದಾರೆ.
ಅದರ ಮೇಲೆ ದನ ದಾಟುತ್ತವೆ.
ಸೆಖೆಯ ದಿನ ನಾನೂ ಹೋಗಿ, ಮೊಣಕಾಲೂರಿ
ಅಡಿಗೆ ಕೈಹಾಕಿ ತಡಕುತ್ತೇನೆ.
ಸಿಗುತ್ತದೆ. ಬಿಸಿಲಿಗೆ ಮೆತ್ತಗಾಗಿರುತ್ತದೆ.
ಒತ್ತಿದರೆ ಇನ್ನೂ
ನನ್ನ ಬೆರಳಿನ ಗೆರೆ ಮೂಡುತ್ತದೆ.